‘10ರಲ್ಲಿ 9 ಸಣ್ಣ ಉದ್ಯಮಗಳು ಮೊದಲ ವರ್ಷವೇ ಮುಚ್ಚುತ್ತವೆ’ ಎಂಬ ಫಾರ್ವರ್ಡ್ ನಿಜವೇ? ಕೈಗಾ, ಕಾರವಾರ, ಅಂಕೋಲೆಯ ವ್ಯಾಪಾರಿಗಳು ತಿಳಿಯಬೇಕಾದ 6 ಸಂಗತಿಗಳು

ಸ್ವಂತ ವ್ಯಾಪಾರ ಮಾಡಬೇಕು ಎಂದು ಯಾರಾದರೂ ಮನೆಯಲ್ಲಿ ಬಾಯಿ ತೆರೆದರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಬಗೆಯ ಮೆಸೇಜ್ ಬಂದು ಬೀಳುತ್ತವೆ. ಒಂದು ಹೆದರಿಸುತ್ತದೆ: ‘ಹತ್ತರಲ್ಲಿ ಒಂಬತ್ತು ಅಂಗಡಿ ವರ್ಷದೊಳಗೆ ಬಾಗಿಲು ಹಾಕುತ್ತವೆ, ನೌಕರಿ ನೋಡಿಕೊಳ್ಳಿ.’ ಇನ್ನೊಂದು ಆಸೆ ಹುಟ್ಟಿಸುತ್ತದೆ: ‘ಆಧಾರ್ ಕಾರ್ಡ್ ಇದ್ದರೆ ಸಾಕು, ಸರ್ಕಾರದಿಂದ 10 ಲಕ್ಷ ಸಾಲ, ಇಂದೇ ಅರ್ಜಿ ಹಾಕಿ.’ ಕಾರವಾರ, ಅಂಕೋಲಾ ಭಾಗದಲ್ಲಿ ಇವೆರಡರ ಜೊತೆಗೆ ಮೂರನೆಯದೂ ಇದೆ: ‘ಕೈಗಾದಲ್ಲಿ ಹೊಸ ಘಟಕ ಬರುತ್ತಿದೆ, ಈಗ ಅಂಗಡಿ ಹಾಕಿದವನೇ ಜಾಣ.’

ಈ ಮಾತುಗಳನ್ನು ನಂಬಿ ಜನ ಚಿನ್ನ ಅಡವಿಡುತ್ತಾರೆ, ಸಾಲ ಮಾಡುತ್ತಾರೆ. ಕೆಲವರು ಒಳ್ಳೆಯ ಅವಕಾಶವನ್ನು ಹೆದರಿ ಬಿಡುತ್ತಾರೆ. ಹಾಗಾಗಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದೇವೆ. ಸಣ್ಣ ಉದ್ಯಮಗಳ ಬಗ್ಗೆ ಪ್ರಪಂಚದ ಹಲವೆಡೆ ಗಂಭೀರ ಸಂಶೋಧನೆ ನಡೆದಿದೆ. ಅದು ಏನು ಹೇಳುತ್ತದೆ, ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸರಳವಾಗಿ ಕೊಟ್ಟಿದ್ದೇವೆ.

ಒಂದೇ ನೋಟದಲ್ಲಿ

• 10ರಲ್ಲಿ 9 ಉದ್ಯಮ ಮೊದಲ ವರ್ಷವೇ ಮುಚ್ಚುತ್ತವೆ: ತಪ್ಪು.
• ದೊಡ್ಡ ಸ್ಥಾವರ ಬಂದರೆ ಸುತ್ತಲಿನ ವ್ಯಾಪಾರ ತಾನಾಗಿ ಬೆಳೆಯುತ್ತದೆ: ಅರ್ಧ ಸತ್ಯ.
• ಉದ್ಯಮ್ ನೋಂದಣಿ ಇದ್ದರೆ ಸರ್ಕಾರಿ ಕಂಪನಿಯ 25% ಆರ್ಡರ್ ಖಚಿತ: ದಾರಿ ತಪ್ಪಿಸುವ ಮಾತು.
• ಸಾಲ ಸಿಕ್ಕರೆ ವ್ಯಾಪಾರ ಗೆದ್ದಂತೆ: ಅರ್ಧ ಸತ್ಯ. ‘ಮೊದಲು ಶುಲ್ಕ ಕಟ್ಟಿ’ ಎನ್ನುವ ಸಾಲದ ಮೆಸೇಜ್: ಮೋಸ.
• ವ್ಯಾಪಾರ ರಕ್ತದಲ್ಲಿ ಬರಬೇಕು, ಕಲಿತು ಬರುವುದಿಲ್ಲ: ತಪ್ಪು.
• ದೊಡ್ಡವರು ಬಾಕಿ ಉಳಿಸಿಕೊಂಡರೆ ಸಣ್ಣವರಿಗೆ ದಾರಿಯಿಲ್ಲ: ತಪ್ಪು.

ಮೊದಲು, ಸಣ್ಣ ಉದ್ಯಮ ಎಂದರೆ ಯಾವುದು?

ಸೂಕ್ಷ್ಮ, ಸಣ್ಣ, ಮಧ್ಯಮ ಎಂಬ ಮೂರು ವರ್ಗಗಳನ್ನು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಮಾಡಿದೆ. ಇದರ ಮಿತಿಗಳು 2025ರ ಏಪ್ರಿಲ್ 1ರಿಂದ ಬದಲಾಗಿವೆ. ಯಂತ್ರೋಪಕರಣಗಳ ಮೇಲಿನ ಹೂಡಿಕೆ 2.5 ಕೋಟಿ ರೂಪಾಯಿ, ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಅದು ಸೂಕ್ಷ್ಮ ಉದ್ಯಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಯವರೆಗೆ ಸಣ್ಣ ಉದ್ಯಮ. ಹೂಡಿಕೆ 125 ಕೋಟಿ, ವಹಿವಾಟು 500 ಕೋಟಿಯವರೆಗೆ ಮಧ್ಯಮ ಉದ್ಯಮ.

ಅಂದರೆ ಮಲ್ಲಾಪುರದ ಖಾನಾವಳಿ, ಕಾರವಾರದ ವೆಲ್ಡಿಂಗ್ ಶಾಪ್, ಅಂಕೋಲೆಯಲ್ಲಿ ಮಾವಿನ ಹಣ್ಣಿನ ಪಲ್ಪ್ ಮಾಡುವ ಮನೆ ಘಟಕ ಎಲ್ಲವೂ ಕಾನೂನಿನ ಕಣ್ಣಿನಲ್ಲಿ ಸೂಕ್ಷ್ಮ ಉದ್ಯಮವೇ. ಪೇಪರಿನಲ್ಲಿ ‘ಎಂಎಸ್‌ಎಂಇ’ ಎಂದು ಓದಿದಾಗ ಅದು ಯಾವುದೋ ಫ್ಯಾಕ್ಟರಿಯವರಿಗೆ ಸಂಬಂಧಿಸಿದ್ದು ಎಂದು ಪುಟ ತಿರುಗಿಸಬೇಡಿ.

ಹೇಳಿಕೆ 1: ‘10ರಲ್ಲಿ 9 ಸಣ್ಣ ಉದ್ಯಮಗಳು ಮೊದಲ ವರ್ಷವೇ ಮುಚ್ಚುತ್ತವೆ’

ತೀರ್ಪು: ತಪ್ಪು.

ಇದನ್ನು ತಿಳಿಯಲು ಒಂದೇ ದಾರಿ ಇದೆ. ಒಂದಷ್ಟು ಉದ್ಯಮಗಳ ಪಟ್ಟಿ ಮಾಡಿಕೊಂಡು, ವರ್ಷ ವರ್ಷವೂ ಹೋಗಿ ಬಾಗಿಲು ತೆರೆದಿದೆಯೇ ಎಂದು ನೋಡುವುದು. ಡೇವಿಡ್ ಮೆಕೆಂಜಿ ಮತ್ತು ಅನ್ನಾ ಪಾಫ್‌ಹೌಸನ್ ಎಂಬ ಅರ್ಥಶಾಸ್ತ್ರಜ್ಞರು ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಹೀಗೆ ನಡೆದ 16 ಸಮೀಕ್ಷೆಗಳನ್ನು ಒಟ್ಟುಗೂಡಿಸಿದರು. 12 ದೇಶಗಳ ಮಾಹಿತಿ ಅದರಲ್ಲಿತ್ತು. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ವರ್ಷಕ್ಕೆ ಸರಾಸರಿ 8.3% ಸಣ್ಣ ಉದ್ಯಮಗಳು ಮುಚ್ಚುತ್ತವೆ.

ಈ ಲೆಕ್ಕವನ್ನು ಸರಳ ಮಾಡೋಣ. ಇವತ್ತು 100 ಅಂಗಡಿ ಇವೆ ಎಂದುಕೊಳ್ಳಿ. ಇದೇ ವೇಗದಲ್ಲಿ ಮುಚ್ಚುತ್ತಾ ಹೋದರೆ ಒಂದು ವರ್ಷದ ನಂತರ ಸುಮಾರು 92, ಐದು ವರ್ಷದ ನಂತರ ಸುಮಾರು 65, ಹತ್ತು ವರ್ಷದ ನಂತರ ಸುಮಾರು 42 ಉಳಿದಿರುತ್ತವೆ. ಫಾರ್ವರ್ಡ್ ಹೇಳುವಂತೆ ವರ್ಷದೊಳಗೆ 10ಕ್ಕೆ ಇಳಿಯುವುದಿಲ್ಲ.

ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಗಳೂ ಇದನ್ನೇ ಹೇಳುತ್ತವೆ. ಅಲ್ಲಿ ಹೊಸ ಉದ್ಯಮಗಳಲ್ಲಿ ಸುಮಾರು 20% ಮೊದಲ ವರ್ಷದಲ್ಲಿ ನಿಲ್ಲುತ್ತವೆ. ಐದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಉಳಿದಿರುತ್ತವೆ. ‘90%’ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಹೂಡಿಕೆದಾರರ ಹಣದಲ್ಲಿ ನಡೆಯುವ ತಂತ್ರಜ್ಞಾನ ಸ್ಟಾರ್ಟಪ್‌ಗಳ ಬಗ್ಗೆ. ಅದನ್ನು ಕಿರಾಣಿ ಅಂಗಡಿಗೆ, ಹೊಲಿಗೆ ಘಟಕಕ್ಕೆ ಅನ್ವಯಿಸುವುದು ಸರಿಯಲ್ಲ.

ಇನ್ನೊಂದು ವಿಷಯ. ಬಾಗಿಲು ಮುಚ್ಚಿತು ಎಂದರೆ ನಷ್ಟವಾಯಿತು ಎಂದೇ ಅರ್ಥವಲ್ಲ. ಬ್ರಯಾನ್ ಹೆಡ್ ಎಂಬ ಸಂಶೋಧಕರು 2003ರಲ್ಲಿ ಅಮೆರಿಕದ ಮುಚ್ಚಿದ ಉದ್ಯಮಗಳ ಮಾಲೀಕರ ಉತ್ತರಗಳನ್ನು ಪರಿಶೀಲಿಸಿದಾಗ, ಸುಮಾರು ಮೂರನೇ ಒಂದು ಭಾಗದವರು ‘ಮುಚ್ಚುವಾಗ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು’ ಎಂದಿದ್ದರು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ವಯಸ್ಸಾಯಿತು, ಮನೆಯಲ್ಲಿ ಕಾಯಿಲೆ ಬಂತು, ಅಂಗಡಿ ಮಾರಿದರು, ಹೀಗೆ ಕಾರಣಗಳು ಹಲವು.

ಮಾಲೀಕರ ಕೈಯಲ್ಲಿ ಇಲ್ಲದ ಕಾರಣಗಳೂ ಇವೆ. ಇದು ಈ ಭಾಗದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೆರೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಹೋಟೆಲ್ ಸಮೇತ ಜೀವಗಳೇ ಹೋದವು, ಹಲವು ದಿನ ಸಂಚಾರ ನಿಂತಿತು. ಹೆದ್ದಾರಿ ವಾಹನಗಳನ್ನೇ ನಂಬಿದ ಅಂಗಡಿ ಇಂಥ ಹೊತ್ತಿನಲ್ಲಿ ಮುಚ್ಚಿದರೆ ಅದನ್ನು ‘ವ್ಯಾಪಾರ ಬರಲಿಲ್ಲ’ ಎನ್ನಲಾಗದು.

ಹಾಗೆಂದು ಅಪಾಯವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ಯಮಗಳು ಉಳಿಯದಿರಬಹುದು ಎಂಬುದು ಸಣ್ಣ ಮಾತಲ್ಲ. ಇರುವ ಮನೆಯನ್ನೇ ಅಡವಿಟ್ಟು ಶುರು ಮಾಡುವವರು ಇದನ್ನು ನೆನಪಿಡಬೇಕು.

ಹೇಳಿಕೆ 2: ‘ಕೈಗಾದಂಥ ದೊಡ್ಡ ಸ್ಥಾವರ ಬಂದರೆ ಸುತ್ತಲಿನ ವ್ಯಾಪಾರ ತಾನಾಗಿ ಬೆಳೆಯುತ್ತದೆ’

ತೀರ್ಪು: ಅರ್ಧ ಸತ್ಯ.

ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಇದರ ಜೊತೆಗೆ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಯ ವಿಸ್ತರಣೆಯೂ ನಡೆಯುತ್ತಿದೆ. ಆದ್ದರಿಂದ ‘ಈಗ ಅಂಗಡಿ ಹಾಕಿ’ ಎನ್ನುವ ಮಾತಿಗೆ ಆಧಾರವಿಲ್ಲದೆ ಇಲ್ಲ.

ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಸ್ಥಾವರ ಕಟ್ಟುವಾಗ ಬರುವ ಜನ ಬೇರೆ, ನಡೆಸುವಾಗ ಉಳಿಯುವ ಜನ ಬೇರೆ. ಕಟ್ಟುವಾಗ ಸಾವಿರಾರು ಕೆಲಸಗಾರರು ಬರುತ್ತಾರೆ. ಅವರಿಗೆ ಊಟ, ಬಾಡಿಗೆ ಕೋಣೆ, ಮೊಬೈಲ್ ರೀಚಾರ್ಜ್, ಕ್ಷೌರದಂಗಡಿ, ವಾಹನ ರಿಪೇರಿ ಎಲ್ಲವೂ ಬೇಕು. ಕಾಂಕ್ರೀಟ್ ಕೆಲಸ ಮುಗಿದ ಮೇಲೆ ಅವರು ಮುಂದಿನ ಊರಿಗೆ ಹೋಗುತ್ತಾರೆ. ಉಳಿಯುವವರು ಟೌನ್‌ಶಿಪ್‌ನ ಕಾಯಂ ನೌಕರರು. ಅವರ ಸಂಖ್ಯೆ ಕಡಿಮೆ, ಅವರ ಬೇಡಿಕೆಯೂ ಬೇರೆ.

ಕೈಗಾದ ಒಂದು ದಾಖಲೆಯೇ ಇದಕ್ಕೆ ಒಳ್ಳೆಯ ಉದಾಹರಣೆ. 2018ರ ಡಿಸೆಂಬರ್ 31ರಂದು ಕೈಗಾದ 1ನೇ ಘಟಕ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ದೇಶಕ್ಕೆ ಹೆಮ್ಮೆ. ಆದರೆ ದುರಸ್ತಿಗಾಗಿ ಘಟಕ ನಿಲ್ಲಿಸಿದಾಗ ಬರುವ ಗುತ್ತಿಗೆ ಕೆಲಸಗಾರರನ್ನೇ ನಂಬಿ ಕೋಣೆ ಬಾಡಿಗೆ ಕೊಡುವವರ ಕಡೆಯಿಂದ ನೋಡಿದರೆ, ಆ 962 ದಿನ ಆ ಘಟಕದಿಂದ ಅಂಥ ಗಿರಾಕಿ ಇಲ್ಲ. ಸ್ಥಾವರಕ್ಕೆ ಒಳ್ಳೆಯದಾದದ್ದೆಲ್ಲ ಪಕ್ಕದ ಅಂಗಡಿಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ಸಂಶೋಧನೆ ಏನು ಹೇಳುತ್ತದೆ? ಅರ್ಥಶಾಸ್ತ್ರಜ್ಞ ಎನ್ರಿಕೋ ಮೊರೆಟ್ಟಿ 2010ರಲ್ಲಿ ಅಮೆರಿಕದ ನಗರಗಳ ಲೆಕ್ಕ ಹಾಕಿದರು. ಕಾರ್ಖಾನೆಯಲ್ಲಿ ಒಂದು ಕೆಲಸ ಹೆಚ್ಚಾದರೆ ಅದೇ ಊರಿನ ಅಂಗಡಿ, ಹೋಟೆಲ್, ಸೇವೆಗಳಲ್ಲಿ ಸರಾಸರಿ 1.6 ಕೆಲಸ ಹೆಚ್ಚಾಗುತ್ತವೆ ಎಂದು ಕಂಡುಕೊಂಡರು. ಈ ಅಂಕಿಯನ್ನು ದೊಡ್ಡ ಯೋಜನೆಗಳ ಪರ ಮಾತಾಡುವವರು ಹೇಳುತ್ತಾರೆ.

ಆದರೆ ಅದೇ ಅಮೆರಿಕದ ಕಲ್ಲಿದ್ದಲು ಪ್ರದೇಶದ ಕುರಿತು 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬೇರೆ ಚಿತ್ರ ಕೊಡುತ್ತದೆ. ಗಣಿ ಜೋರಾಗಿದ್ದಾಗ 10 ಗಣಿ ಕೆಲಸಕ್ಕೆ ಸ್ಥಳೀಯವಾಗಿ 2ಕ್ಕಿಂತ ಕಡಿಮೆ ಕೆಲಸ ಹುಟ್ಟಿದವು. ಗಣಿ ಕುಸಿದಾಗ ಮಾತ್ರ 10 ಗಣಿ ಕೆಲಸ ಹೋದರೆ ಸ್ಥಳೀಯವಾಗಿ 3.5 ಕೆಲಸ ಹೋದವು. ಅಂದರೆ ಏರುವಾಗ ಸಿಕ್ಕಿದ್ದು ಕಡಿಮೆ, ಇಳಿಯುವಾಗ ಕಳೆದುಕೊಂಡಿದ್ದು ಹೆಚ್ಚು. ಕೈಗಾ ಕಲ್ಲಿದ್ದಲು ಗಣಿಯಲ್ಲ, ಅಮೆರಿಕವೂ ಅಲ್ಲ. ಆದರೂ ನಿರ್ಮಾಣದ ಹೊತ್ತಿನ ಭರಾಟೆ ನೋಡಿ ಹಣ ಹಾಕುವವರಿಗೆ ಇದು ಎಚ್ಚರಿಕೆ.

ಹಾಗಾದರೆ ಏನು ಮಾಡಬೇಕು? ಹಣ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ.

• ನನ್ನ ಗಿರಾಕಿ ಕಟ್ಟಡ ಕೆಲಸದವರೇ, ಕಾಯಂ ನೌಕರರೇ, ಊರಿನವರೇ?
• ಕಟ್ಟಡ ಕೆಲಸದವರು ಹೋದ ಮರುದಿನ ನನ್ನ ಮಾರಾಟದಲ್ಲಿ ಎಷ್ಟು ಉಳಿಯುತ್ತದೆ?
• ನಾನು ಹಾಕಿದ ಹಣ ಆ ಕೆಲಸ ಮುಗಿಯುವುದರೊಳಗೆ ವಾಪಸ್ ಬರುತ್ತದೆಯೇ?

ಮೂರನೆಯದಕ್ಕೆ ‘ಹೌದು’ ಎನ್ನಲಾಗದಿದ್ದರೆ ಆರ್‌ಸಿಸಿ ಕಟ್ಟಡಕ್ಕೆ ಸಾಲ ಮಾಡುವ ಬದಲು ಬಾಡಿಗೆ ಜಾಗ ಹಿಡಿಯುವುದು, ಬೇಕಾದಾಗ ಬೇರೆಡೆ ಒಯ್ಯಬಹುದಾದ ಉಪಕರಣ ಕೊಳ್ಳುವುದು ಜಾಣತನ.

ಹೇಳಿಕೆ 3: ‘ಉದ್ಯಮ್ ನೋಂದಣಿ ಮಾಡಿಸಿದರೆ ಸರ್ಕಾರಿ ಕಂಪನಿಗಳ 25% ಆರ್ಡರ್ ನಿಮಗೇ’

ತೀರ್ಪು: ದಾರಿ ತಪ್ಪಿಸುವ ಮಾತು.

ಇದರ ಹಿಂದೆ ನಿಜವಾದ ನಿಯಮ ಇದೆ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಕಂಪನಿಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಕನಿಷ್ಠ 25% ಭಾಗವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಇದರಲ್ಲಿ 4% ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ, 3% ಮಹಿಳೆಯರ ಉದ್ಯಮಗಳಿಂದ ಆಗಬೇಕು. ಕೈಗಾ ನಡೆಸುವ ಭಾರತೀಯ ಅಣು ವಿದ್ಯುತ್ ನಿಗಮ, ಅಂದರೆ ಎನ್‌ಪಿಸಿಐಎಲ್, ಕೇಂದ್ರ ಸರ್ಕಾರಿ ಕಂಪನಿ. ಹಾಗಾಗಿ ಈ ನೀತಿ ಅದಕ್ಕೂ ಅನ್ವಯಿಸುತ್ತದೆ.

ಫಾರ್ವರ್ಡ್ ಬಿಟ್ಟುಬಿಡುವ ಅಂಶಗಳು ಇವು. ಈ 25% ಇಡೀ ದೇಶದ ಸಣ್ಣ ಉದ್ಯಮಗಳಿಗೆ ಸೇರಿದ್ದು. ಪಕ್ಕದ ಊರಿನವರಿಗೆ ಎಂದು ಮೀಸಲಿಲ್ಲ. ಟೆಂಡರ್‌ನಲ್ಲಿ ಭಾಗವಹಿಸಿ ಗುಣಮಟ್ಟ, ಬೆಲೆ ಎರಡರಲ್ಲೂ ಗೆಲ್ಲಬೇಕು. ಕಟ್ಟಡ ಕಾಮಗಾರಿ ಗುತ್ತಿಗೆಗಳು ಈ ನೀತಿಯೊಳಗೆ ಬರುವುದಿಲ್ಲ. ಬೇರೆಯವರ ಮಾಲು ತಂದು ಮಾರುವ ಟ್ರೇಡರ್‌ಗಳಿಗೂ ಇದು ಸಿಗುವುದಿಲ್ಲ. ಸ್ವತಃ ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಮಾತ್ರ.

ಸಿಗುವ ಲಾಭವೂ ಇದೆ. ಟೆಂಡರ್ ಅರ್ಜಿ ಉಚಿತ, ಠೇವಣಿ ಹಣಕ್ಕೆ ವಿನಾಯಿತಿ. ಸಣ್ಣ ಬಂಡವಾಳದವರಿಗೆ ಇದು ದೊಡ್ಡ ಅನುಕೂಲ.

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಇದು ಪೂರ್ತಿ ಉಚಿತ, ನವೀಕರಣ ಬೇಕಿಲ್ಲ, ಕಾಗದಪತ್ರ ಅಪ್‌ಲೋಡ್ ಮಾಡಬೇಕಿಲ್ಲ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದೆಯೇ ನೋಡಿ. ಪ್ಯಾನ್, ಜಿಎಸ್‌ಟಿ ಗೊಂದಲ ಇದ್ದರೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಹೇಳಿಕೆ 4: ‘ಸಾಲ ಸಿಕ್ಕರೆ ಸಾಕು, ವ್ಯಾಪಾರ ಗೆದ್ದಂತೆ’

ತೀರ್ಪು: ಅರ್ಧ ಸತ್ಯ.

ಮೊದಲು ಮೋಸದ ವಿಚಾರ. ಮುದ್ರಾ ಯೋಜನೆ 2015ರ ಏಪ್ರಿಲ್ 8ರಂದು ಶುರುವಾಯಿತು. ಶಿಶು (50 ಸಾವಿರದವರೆಗೆ), ಕಿಶೋರ (5 ಲಕ್ಷದವರೆಗೆ), ತರುಣ (10 ಲಕ್ಷದವರೆಗೆ) ಎಂಬ ಹಂತಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗಿನ ‘ತರುಣ ಪ್ಲಸ್’ 2024ರ ಅಕ್ಟೋಬರ್‌ನಲ್ಲಿ ಸೇರಿತು. ನೆನಪಿಡಬೇಕಾದ್ದು ಇಷ್ಟೇ: ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಬ್ಯಾಂಕ್, ಸಹಕಾರಿ ಬ್ಯಾಂಕ್, ಕಿರುಸಾಲ ಸಂಸ್ಥೆಗಳೇ ಕೊಡುವುದು. ‘ನಿಮ್ಮ ಸಾಲ ಮಂಜೂರಾಗಿದೆ, ಮೊದಲು ಇಷ್ಟು ಶುಲ್ಕ ಕಟ್ಟಿ’ ಎಂದು ಮೊಹರು, ಸಹಿ ಇರುವ ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅದು ಮೋಸ. ಇದು ಸಾಲ, ಅನುದಾನವಲ್ಲ, ತೀರಿಸಲೇಬೇಕು ಎಂಬುದನ್ನೂ ಕೆಲವು ಮೆಸೇಜ್‌ಗಳು ಮುಚ್ಚಿಡುತ್ತವೆ.

ಈಗ ಸಂಶೋಧನೆಯ ವಿಚಾರ. ಹೈದರಾಬಾದ್‌ನ 104 ಬಡಾವಣೆಗಳಲ್ಲಿ ಚೀಟಿ ಎತ್ತಿದಂತೆ 52ನ್ನು ಆರಿಸಿ ಅಲ್ಲಿ ಮೊದಲು ಕಿರುಸಾಲ ಕೊಡಲಾಯಿತು. ಉಳಿದ 52ರ ಜೊತೆ ಹೋಲಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರ ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈಗಾಗಲೇ ವ್ಯಾಪಾರ ಇದ್ದವರು ಅದನ್ನು ಹಿಗ್ಗಿಸಿಕೊಂಡರು. ಆದರೆ ಸಾಮಾನ್ಯ ಕುಟುಂಬದ ಬದುಕು ಸಾಲದಿಂದಲೇ ಬದಲಾಗಿಬಿಟ್ಟಿತು ಎನ್ನುವಂಥ ಫಲಿತಾಂಶ ಬರಲಿಲ್ಲ. ಸಾಲ ಮಾಡುವುದು ತಪ್ಪು ಎಂದು ಇದರರ್ಥವಲ್ಲ. ನಡೆಯುತ್ತಿರುವ ವ್ಯಾಪಾರಕ್ಕೆ ಸಾಲ ಬಲ ಕೊಡುತ್ತದೆ, ಇಲ್ಲದ ವ್ಯಾಪಾರವನ್ನು ಹುಟ್ಟಿಸುವುದಿಲ್ಲ ಎಂದು ಅರ್ಥ.

ಕಂತು ಯಾವಾಗ ಶುರುವಾಗುತ್ತದೆ ಎಂಬುದೂ ಮುಖ್ಯ. ಕೋಲ್ಕತ್ತಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವರಿಗೆ ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಶುರುವಾಯಿತು, ಕೆಲವರಿಗೆ ಎರಡು ತಿಂಗಳ ಬಿಡುವು ಸಿಕ್ಕಿತು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ಮುಂದೆ ಹೆಚ್ಚು ಲಾಭ ಕಂಡರು. ಆದರೆ ಅವರಲ್ಲಿ ಸಾಲ ತೀರಿಸಲಾಗದವರೂ ಹೆಚ್ಚಿದ್ದರು. 2013ರಲ್ಲಿ ಬಂದ ಈ ಫಲಿತಾಂಶ ಎರಡು ಮುಖವನ್ನೂ ತೋರಿಸುತ್ತದೆ.

ನಮ್ಮ ಕರಾವಳಿಗೆ ಇದು ಬಹಳ ಹೊಂದುತ್ತದೆ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 2023ರಲ್ಲಿ ಜಿಐ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡ ಮಾವಿನ ಹಂಗಾಮು ಬೇಸಿಗೆಯ ಕೆಲವೇ ವಾರ. ಮಳೆಗಾಲದಲ್ಲಿ ಕಡಲತೀರದ ಅಂಗಡಿಗಳಿಗೆ ಪ್ರವಾಸಿಗರಿಲ್ಲ. ಆದಾಯ ಹಂಗಾಮಿಗೆ ಬರುತ್ತದೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಬ್ಯಾಂಕಿನವರ ಬಳಿ ‘ಕಂತನ್ನು ಹಂಗಾಮಿಗೆ ಹೊಂದಿಸಿ ಕೊಡುತ್ತೀರಾ?’ ಎಂದು ಕೇಳಿ. ಕೇಳಲು ಹಣ ಕೊಡಬೇಕಿಲ್ಲ.

ಇಲ್ಲೇ ಮಹಿಳೆಯರ ಬಗೆಗಿನ ಒಂದು ಮಾತನ್ನೂ ನೋಡೋಣ. ‘ಹೆಂಗಸರಿಗೆ ಬಂಡವಾಳ ಕೊಟ್ಟರೆ ಲಾಭ ಬರುವುದಿಲ್ಲ’ ಎನ್ನುವವರಿದ್ದಾರೆ. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ಬಂಡವಾಳ ಕೊಟ್ಟು ನೋಡಿದ ಪ್ರಯೋಗದಲ್ಲಿ ಗಂಡಸರ ಲಾಭ ಹೆಚ್ಚಿತು, ಹೆಂಗಸರದ್ದು ಹೆಚ್ಚಲಿಲ್ಲ ಎಂದು 2009ರಲ್ಲಿ ವರದಿಯಾಗಿದ್ದು ನಿಜ. ಆದರೆ 2019ರಲ್ಲಿ ಭಾರತ, ಶ್ರೀಲಂಕಾ, ಘಾನಾದ ಮಾಹಿತಿಯನ್ನು ಮತ್ತೆ ನೋಡಿದ ಸಂಶೋಧಕರಿಗೆ ಕಾರಣ ಸಿಕ್ಕಿತು. ಹೆಂಡತಿಯ ಹೆಸರಿನಲ್ಲಿ ಬಂದ ಹಣ ಗಂಡನ ವ್ಯಾಪಾರಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಇರುವುದು ಆಕೆಯ ಉದ್ಯಮ ಒಂದೇ ಆಗಿದ್ದಾಗ ಆಕೆಯ ಲಾಭ ಗಂಡಸರಷ್ಟೇ ಇತ್ತು. ಅಂದರೆ ತೊಂದರೆ ಇದ್ದದ್ದು ಆಕೆಯ ಸಾಮರ್ಥ್ಯದಲ್ಲಿ ಅಲ್ಲ, ಹಣ ಯಾರ ಕೈಗೆ ಹೋಯಿತು ಎಂಬುದರಲ್ಲಿ.

ಹೇಳಿಕೆ 5: ‘ವ್ಯಾಪಾರ ರಕ್ತದಲ್ಲಿ ಬರಬೇಕು, ಕಲಿಸಿದರೆ ಬರುವುದಿಲ್ಲ’

ತೀರ್ಪು: ತಪ್ಪು.

ಮುಂಬೈ ಸಮೀಪದ 17 ಜವಳಿ ಕಂಪನಿಗಳ ಮೇಲೆ ನಡೆದ ಅಧ್ಯಯನ ಪ್ರಪಂಚದಲ್ಲೇ ಹೆಸರುವಾಸಿ. ಕೆಲವು ಘಟಕಗಳಿಗೆ ಸಲಹೆಗಾರರನ್ನು ಕಳಿಸಿ ಸ್ಟಾಕ್ ಲೆಕ್ಕ, ಯಂತ್ರದ ನಿರ್ವಹಣೆ, ದೋಷ ದಾಖಲಿಸುವುದು ಮೊದಲಾದ ಕ್ರಮಗಳನ್ನು ಕಲಿಸಲಾಯಿತು. ಮೊದಲ ವರ್ಷದಲ್ಲೇ ಉತ್ಪಾದಕತೆ 17% ಏರಿತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿದ್ದ ಮಾಲೀಕರು ಹೊಸಬರಲ್ಲ, ವರ್ಷಗಳಿಂದ ವ್ಯಾಪಾರದಲ್ಲಿದ್ದವರೇ. ಕಲಿಯಲು ಅವರಿಗೂ ಇತ್ತು.

ಇನ್ನೂ ಸಣ್ಣ ಉದ್ಯಮಗಳ ಕಥೆ? ಮೆಕೆಂಜಿ ಮತ್ತು ಕ್ರಿಸ್ಟೋಫರ್ ವುಡ್ರಫ್ ಏಳು ದೇಶಗಳಲ್ಲಿ 26 ವ್ಯಾಪಾರ ಅಭ್ಯಾಸಗಳನ್ನು ಪಟ್ಟಿ ಮಾಡಿ ನೋಡಿದರು. ಲೆಕ್ಕ ಬರೆಯುವುದು, ಪಕ್ಕದ ಅಂಗಡಿಯ ಬೆಲೆ ತಿಳಿದುಕೊಳ್ಳುವುದು, ಹಳೆ ಗಿರಾಕಿ ಯಾಕೆ ಬರುತ್ತಿಲ್ಲ ಎಂದು ವಿಚಾರಿಸುವುದು, ಮಾಲು ಮುಗಿಯುವ ಮೊದಲೇ ತರಿಸುವುದು, ಇಂಥವು. ಈ ಅಭ್ಯಾಸ ಹೆಚ್ಚಿದ್ದವರ ಮಾರಾಟ, ಲಾಭ ಹೆಚ್ಚಿತ್ತು, ಅಂಗಡಿ ಉಳಿಯುವ ಸಾಧ್ಯತೆಯೂ ಹೆಚ್ಚಿತ್ತು. ತರಬೇತಿಗಳ ಕುರಿತ ಹಲವು ಪ್ರಯೋಗಗಳನ್ನು ಮೆಕೆಂಜಿ 2021ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ ಮಾರಾಟ ಸರಾಸರಿ ಸುಮಾರು 5%, ಲಾಭ ಸುಮಾರು 10% ಹೆಚ್ಚಾಗಿತ್ತು. ಪವಾಡವಲ್ಲ, ಆದರೆ ಬಿಡುವಂಥದ್ದೂ ಅಲ್ಲ.

ಎಂಥ ತರಬೇತಿ ಎಂಬುದೂ ಮುಖ್ಯ. ಡೊಮಿನಿಕನ್ ಗಣರಾಜ್ಯದಲ್ಲಿ ಒಂದು ಗುಂಪಿಗೆ ಪುಸ್ತಕದ ಲೆಕ್ಕಶಾಸ್ತ್ರ ಕಲಿಸಿದರು. ಇನ್ನೊಂದು ಗುಂಪಿಗೆ ಸುಲಭ ಸೂತ್ರ ಹೇಳಿಕೊಟ್ಟರು: ಮನೆಯ ದುಡ್ಡಿಗೆ ಒಂದು ಡ್ರಾಯರ್, ಅಂಗಡಿಯ ದುಡ್ಡಿಗೆ ಇನ್ನೊಂದು ಡ್ರಾಯರ್, ಒಂದರಿಂದ ಇನ್ನೊಂದಕ್ಕೆ ತೆಗೆದರೆ ಚೀಟಿ ಬರೆದಿಡಿ. ಸುಲಭ ಸೂತ್ರ ಕಲಿತವರಲ್ಲೇ ಸುಧಾರಣೆ ಚೆನ್ನಾಗಿ ಕಂಡಿತು. ಇದನ್ನು ನೀವು ಇವತ್ತೇ ಮಾಡಬಹುದು. ಗಲ್ಲಾಪೆಟ್ಟಿಗೆ ಬೇರೆ, ಮನೆಯ ಪರ್ಸ್ ಬೇರೆ. ಯುಪಿಐಗೂ ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ.

ಇನ್ನೊಂದು ಸಣ್ಣ ಸಂಗತಿ ಕೀನ್ಯಾದಿಂದ. ಅಲ್ಲಿನ ಅಂಗಡಿಯವರು ಚಿಲ್ಲರೆ ಇಲ್ಲದೆ ವ್ಯಾಪಾರ ಕಳೆದುಕೊಳ್ಳುತ್ತಿದ್ದರು. ಸಂಶೋಧಕರು ವಾರ ವಾರ ಹೋಗಿ ‘ಚಿಲ್ಲರೆ ಇಲ್ಲದೆ ಎಷ್ಟು ಗಿರಾಕಿ ವಾಪಸ್ ಹೋದರು?’ ಎಂದು ಕೇಳುತ್ತಾ ಹೋದರು. ಆ ಲೆಕ್ಕದ ಕಡೆ ಗಮನ ಹರಿದದ್ದರಿಂದಲೇ ಅಂಥ ಪ್ರಸಂಗಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಕಣ್ಣೆದುರಿನ ಸೋರಿಕೆ ಕಾಣಬೇಕಾದರೆ ಯಾರಾದರೂ ಕೇಳಬೇಕು, ಇಲ್ಲವೇ ನಾವೇ ಬರೆದಿಡಬೇಕು.

ಉದ್ಯಮ ಕಲಿಸುವುದರಲ್ಲಿ ಕನ್ನಡ ನಾಡೇ ದೇಶಕ್ಕೆ ದಾರಿ ತೋರಿಸಿದೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದಾದ್ಯಂತ ‘ಆರ್‌ಸೆಟಿ’ ಎಂಬ ಹೆಸರಿನಲ್ಲಿ ವಿಸ್ತರಿಸಿತು. ಉತ್ತರ ಕನ್ನಡದಲ್ಲಿ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಗ್ರಾಮೀಣ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ತರಬೇತಿ ಉಚಿತ. ಧಾರವಾಡದಲ್ಲಿ ರಾಜ್ಯ ಸರ್ಕಾರದ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ, ಸಿಡಾಕ್, ಇದೆ. ಹಣ ಕೊಟ್ಟು ‘ಕೋಟ್ಯಧಿಪತಿ ಕೋರ್ಸ್’ ಸೇರುವ ಮುನ್ನ ಈ ಉಚಿತ ಬಾಗಿಲು ತಟ್ಟಿ.

ಹೇಳಿಕೆ 6: ‘ದೊಡ್ಡ ಕಂಟ್ರಾಕ್ಟರ್ ಬಾಕಿ ಉಳಿಸಿಕೊಂಡರೆ ಸಣ್ಣವರು ಏನೂ ಮಾಡುವಂತಿಲ್ಲ’

ತೀರ್ಪು: ತಪ್ಪು.

ಲಾಭ ಇದ್ದೂ ಅಂಗಡಿ ಮುಚ್ಚುವುದು ಹೇಗೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಇದು ಉದಾಹರಣೆ ಮಾತ್ರ. ಖಾನಾವಳಿಯವರೊಬ್ಬರು ಕಂಟ್ರಾಕ್ಟರ್‌ನ 30 ಕೆಲಸಗಾರರಿಗೆ ತಿಂಗಳಿಗೆ 26 ದಿನ, ತಲಾ 80 ರೂಪಾಯಿಯ ಊಟ ಕೊಡುತ್ತಾರೆ. ತಿಂಗಳ ಬಿಲ್ 62,400 ರೂಪಾಯಿ. ಒಂದು ಊಟಕ್ಕೆ ಖರ್ಚು 65 ರೂಪಾಯಿ ಎಂದರೆ ತಿಂಗಳ ಖರ್ಚು 50,700, ಲಾಭ 11,700. ಕಾಗದದಲ್ಲಿ ಒಳ್ಳೆಯ ವ್ಯಾಪಾರ. ಆದರೆ ಮೂರು ತಿಂಗಳು ಬಿಲ್ ಪಾಸಾಗದಿದ್ದರೆ? ಅಕ್ಕಿ, ಗ್ಯಾಸ್, ಮೀನು, ಕೂಲಿಗೆ 1,52,100 ರೂಪಾಯಿ ಕೈಯಿಂದ ಹೋಗಿರುತ್ತದೆ. ಬಂಡವಾಳ ಒಂದೂವರೆ ಲಕ್ಷ ಇದ್ದವರು ಲಾಭದಲ್ಲಿದ್ದೇ ಬಾಗಿಲು ಹಾಕಬೇಕಾಗುತ್ತದೆ.

2006ರ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು, ಸೇವೆ ಪಡೆದವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬ್ಯಾಂಕ್ ದರ 6% ಎಂದುಕೊಂಡರೆ ಬಡ್ಡಿ ವರ್ಷಕ್ಕೆ 18%. ಮೇಲಿನ 62,400ರ ಬಿಲ್ಲಿಗೆ ಒಂದು ತಿಂಗಳ ತಡಕ್ಕೆ 936 ರೂಪಾಯಿ.

ಇದಲ್ಲದೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಬಂದಿದೆ. ಈ ಗಡುವಿನೊಳಗೆ ಹಣ ಕೊಡದಿದ್ದರೆ, ನಿಜವಾಗಿ ಕೊಡುವವರೆಗೆ ಆ ಮೊತ್ತವನ್ನು ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಹಾಗಾಗಿ ದೊಡ್ಡವರ ಲೆಕ್ಕಪರಿಶೋಧಕರೇ ‘ಸಣ್ಣವರ ಬಿಲ್ ಮೊದಲು ಕೊಡಿ’ ಎನ್ನಲು ಕಾರಣವಿದೆ.

ದೂರು ಕೊಡಲು ‘ಎಂಎಸ್‌ಎಂಇ ಸಮಾಧಾನ್’ ಜಾಲತಾಣ 2017ರಿಂದ ಇದೆ. ದೂರು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಖರೀದಿಸಿದವರು ಸರ್ಕಾರಿ ಕಂಪನಿಯೇ ಆಗಲಿ, ಖಾಸಗಿ ಗುತ್ತಿಗೆದಾರರೇ ಆಗಲಿ, ನಿಯಮ ಒಂದೇ. ಆದರೆ ಮೂರು ವಿಷಯ ಮೊದಲೇ ಇರಲಿ:

• ಸರಕು, ಸೇವೆ ಕೊಡುವ ಮೊದಲೇ ಉದ್ಯಮ್ ನೋಂದಣಿ.
• ಬಿಲ್ ಮೇಲೆ ಉದ್ಯಮ್ ಸಂಖ್ಯೆ ಮತ್ತು ಹಣ ಕೊಡಬೇಕಾದ ದಿನಾಂಕ.
• ‘ಸಿಕ್ಕಿದೆ’ ಎಂದು ಸಹಿ ಹಾಕಿದ ಚಲನ್. ಬಾಯಿಮಾತಿನ ಆರ್ಡರ್ ಆಗಿದ್ದರೆ ಕನಿಷ್ಠ ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ಒಪ್ಪಿಗೆ.

ನೆನಪಿಡಿ, ಮಾಲು ಕೊಂಡು ಹಾಗೆಯೇ ಮಾರುವ ವ್ಯಾಪಾರಿಗಳೂ 2021ರಿಂದ ಉದ್ಯಮ್‌ನಲ್ಲಿ ನೋಂದಾಯಿಸಬಹುದು. ಆದರೆ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. ಬಾಕಿ ವಸೂಲಿಯ ಈ ರಕ್ಷಣೆ ಇಲ್ಲ.

‘ಪಕೋಡ ಮಾರಿ ಕೋಟಿ ಗಳಿಸಿದ’ ಕಥೆಗಳನ್ನು ಹೇಗೆ ಓದಬೇಕು?

ಗೆದ್ದವರ ವಿಡಿಯೊ ಮಾತ್ರ ನಮ್ಮ ಫೋನಿಗೆ ಬರುತ್ತದೆ. ಅದೇ ಕೆಲಸ ಮಾಡಿ ಸೋತವರ ವಿಡಿಯೊ ಯಾರೂ ಮಾಡುವುದಿಲ್ಲ. ಗೆದ್ದವರೆಲ್ಲ ಬೆಳಿಗ್ಗೆ 4 ಗಂಟೆಗೆ ಏಳುತ್ತಿದ್ದರು ಎಂದು ಕೇಳಿದಾಗ, ಸೋತವರಲ್ಲಿ ಎಷ್ಟು ಜನ 4 ಗಂಟೆಗೆ ಏಳುತ್ತಿದ್ದರು ಎಂದು ಕೇಳಬೇಕು. ಒಳ್ಳೆಯ ಸಂಶೋಧನೆ ಮಾಡುವುದು ಇದನ್ನೇ: ಗೆದ್ದವರು, ಸೋತವರು ಇಬ್ಬರನ್ನೂ ಒಂದೇ ಪಟ್ಟಿಯಲ್ಲಿಟ್ಟು ನೋಡುತ್ತದೆ. ಅದಕ್ಕೇ ಅದರ ಉತ್ತರಗಳು ಫಾರ್ವರ್ಡ್‌ನಷ್ಟು ರೋಚಕವಾಗಿರುವುದಿಲ್ಲ, ಆದರೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಫಾರ್ವರ್ಡ್ ಮಾಡುವ ಮುನ್ನ

• ಅಂಕಿ ಇದ್ದರೆ: ಯಾವ ದೇಶ, ಯಾವ ಬಗೆಯ ಉದ್ಯಮ, ಎಷ್ಟು ವರ್ಷದ ಲೆಕ್ಕ? ಮೂರೂ ಇಲ್ಲದ ಅಂಕಿ ಕಳಿಸಬೇಡಿ.
• ಯೋಜನೆ ಇದ್ದರೆ: ನಿಮ್ಮ ಬ್ಯಾಂಕ್ ಶಾಖೆ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.
• ಮುಂಗಡ ಶುಲ್ಕ, ಒಟಿಪಿ, ಆ್ಯಪ್ ಇಳಿಸಿಕೊಳ್ಳಿ ಎಂಬ ಸೂಚನೆ ಇದ್ದರೆ: ಅಲ್ಲೇ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಮ್ಮ ಗ್ರೂಪಿನಲ್ಲಿ ಯಾರಾದರೂ ಕೈಗಾ ಕಡೆ, ಕಾರವಾರ, ಅಂಕೋಲೆಯಲ್ಲಿ ಹೊಸ ವ್ಯಾಪಾರದ ಮಾತಾಡುತ್ತಿದ್ದರೆ ಅವರಿಗೆ ಹೆದರಿಕೆಯ ಮೆಸೇಜೂ ಬೇಡ, ಆಸೆಯ ಮೆಸೇಜೂ ಬೇಡ. ಈ 45 ದಿನದ ನಿಯಮವನ್ನೂ ಎರಡು ಡ್ರಾಯರ್‌ನ ಸೂತ್ರವನ್ನೂ ಕಳಿಸಿ. ಅವರಿಗೆ ಕೆಲಸಕ್ಕೆ ಬರುವುದು ಅದೇ.